ಅಕ್ಕನ ಗ್ರೂಪು

“ಕೊಡೇ ಫೋನು! ಯಾರೇ ನಿಂಗೆ ಮುಟ್ಟು ಅಂದಿದ್ದು?”

ಪ್ರಿಯಾಂಕ ಫೋನು ಕಿತ್ತುಕೊಂಡಳು. ಶೋಭಿತಾ ಗೇಮ್ ಆಡೋಣ ಅಂತಷ್ಟೇ ಅಕ್ಕನ ಫೋನು ಎತ್ತಿಕೊಂಡಿದ್ದಳು. ಆದರೆ ಅಷ್ಟರಲ್ಲಿ ಓದಿಬಿಟ್ಟಿದ್ದಳು.

ಅದೊಂದು ಗ್ರೂಪು. ಅಲ್ಲಿ ಯಾರೂ ತಮ್ಮ ನಿಜವಾದ ಹೆಸರು ಹಾಕಿರಲಿಲ್ಲ. ಯಾರೋ ಒಬ್ಬರು ‘ನನಗೆ ಬದುಕೋಕೆ ಇಷ್ಟ ಇಲ್ಲ’ ಎಂದು ಬರೆದಿದ್ದರು. ಅದರ ಕೆಳಗೆ ಅಕ್ಕ ಬರೆದಿದ್ದಳು: ‘ನನಗೂ.’

“ಅಕ್ಕಾ, ನೀನು ಸತ್ತೋಯ್ತೀಯಾ?” ಶೋಭಿತಾ ಅಕ್ಕನ ಕೈ ಹಿಡಿದುಕೊಂಡಳು.

“ಸುಮ್ನಿರೇ. ಅಲ್ಲಿರೋರಿಗೆ ನಾನು ಅರ್ಥ ಆಯ್ತೀನಿ. ಈ ಮನೇಲಿ ಯಾರ್ಗೂ ಆಗಲ್ಲ. ಅಪ್ಪಂಗೆ ಹೇಳೀಯಾ ಮತ್ತೆ! ನನ್ನಾಣೆ!”

ಮಾರನೆಯ ದಿನ ಸ್ಕೂಲಿನಲ್ಲಿ ಶೋಭಿತಾಗೆ ಊಟ ಸೇರಲಿಲ್ಲ. ಆಣೆ ಮುರಿದರೆ ಅಕ್ಕನಿಗೆ ಏನಾದರೂ ಆಗುತ್ತದೆ. ಹೇಳದೆ ಇದ್ದರೂ ಏನಾದರೂ ಆಗುತ್ತದೆ. ಅನ್ನ ಕಲಸುತ್ತಾ ಕಲಸುತ್ತಾ ಅವಳಿಗೆ ಅಳು ಬಂತು.

ಸಂಜೆ ಅವಳು ಮನೆಗೆ ಹೋಗಲೇ ಇಲ್ಲ. ನಿಡಘಟ್ಟದ ಬಸ್ ಸ್ಟಾಪಿನಲ್ಲಿ ನಿಂತಳು. ಅಪ್ಪ ಶಿವರಾಜು ಬಸ್ ಕಂಡಕ್ಟರು. ಡ್ಯೂಟಿ ಮುಗಿಸಿ ಅಲ್ಲೇ ಇಳಿಯುತ್ತಿದ್ದರು. ಅವರದು ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಗಂಟಲು. ಮನೆಯಲ್ಲೂ ಅದೇ ಗಂಟಲು.

“ಅಪ್ಪಾ, ಒಂದು ಹೇಳ್ತೀನಿ. ಅಕ್ಕಂಗೆ ಬೈಬಾರ್ದು.”

ಎಲ್ಲವನ್ನೂ ಹೇಳಿದಳು. ಅಪ್ಪ ಕೂಗಾಡಲಿಲ್ಲ, ಬಗ್ಗಿ ಅವಳ ಬ್ಯಾಗು ತಮ್ಮ ಹೆಗಲಿಗೆ ಹಾಕಿಕೊಂಡರು.

“ಆಣೆ ಮುರಿದ್ಬುಟ್ಟೆ. ಅಕ್ಕಂಗೆ ಏನಾರ ಆಯ್ತದಾ ಅಪ್ಪಾ?”

“ಏನೂ ಆಗಕ್ಕಿಲ್ಲ ಬುಡು ಮಗಾ. ಆ ಆಣೆ ನನ್ ತಲೆ ಮ್ಯಾಲಿರ್ಲಿ. ನಡಿ, ಬಿರ್ರನೆ ಓಗವ.”

ಪ್ರಿಯಾಂಕ ಗೋಡೆ ಕಡೆ ತಿರುಗಿ ಮಲಗಿದ್ದಳು. ಅಪ್ಪ ಖಾಕಿ ಬಟ್ಟೆಯಲ್ಲೇ ಅವಳ ಪಕ್ಕ ನೆಲದ ಮೇಲೆ ಕೂತರು.

“ಪ್ರಿಯಾ, ಸಾಯ್ಬೇಕು ಅನ್ನಿಸ್ತದಾ ಮಗಾ?”

ಶೋಭಿತಾ ಕಣ್ಣು ಮುಚ್ಚಿಕೊಂಡಳು. ಈಗ ಜಗಳ ಶುರುವಾಗುತ್ತದೆ ಅಂದುಕೊಂಡಳು. ಆದರೆ ಕೇಳಿಸಿದ್ದು ಅಕ್ಕನ ಅಳು.

“ಊಂ ಅಪ್ಪ. ಯಾಕೆ ಅಂತ ನಂಗೇ ಗೊತ್ತಿಲ್ಲ. ಬೆಳಿಗ್ಗೆ ಎದ್ರೆ ಎಲ್ಲಾ ಸಾಕು ಅನ್ನಿಸ್ತದೆ.”

“ಗೊತ್ತಿಲ್ದಿದ್ರೂ ಪರ್ವಾಗಿಲ್ಲ. ಹೇಳ್ದಲ್ಲ, ಅಷ್ಟು ಸಾಕು. ನಾಳೆ ನಾನು ಡ್ಯೂಟಿಗೆ ಓಗಕ್ಕಿಲ್ಲ. ಮಂಡ್ಯ ಆಸ್ಪತ್ರೆಗೆ ಓಗವ. ಮನಸ್ಸಿಗೆ ನೋಡೋ ಡಾಕ್ಟ್ರು ಅಲ್ಲಿ ಅವ್ರಂತೆ. ಅಲ್ಲೀಗಂಟ ನಿನ್ ಪಕ್ಕ ಬುಟ್ಟು ಏಳಕ್ಕಿಲ್ಲ.”

ಅಮ್ಮ ಕವಿತ ಸ್ಟವ್ ಆರಿಸಿ ಬಂದು ಪ್ರಿಯಾಂಕಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆವತ್ತು ನಾಲ್ವರೂ ನಡುಮನೆಯಲ್ಲಿ ಒಟ್ಟಿಗೆ ಚಾಪೆ ಹಾಸಿದರು.

ಮಂಡ್ಯದ ಡಾಕ್ಟರ್ ಮೇಡಂ ಅಕ್ಕನ ಜೊತೆ ತುಂಬಾ ಹೊತ್ತು ಮಾತಾಡಿದರು. ಸದ್ಯಕ್ಕೆ ಅವಳನ್ನು ಒಬ್ಬಳೇ ಬಿಡಬೇಡಿ, ವಾರ ವಾರ ಕರೆದುಕೊಂಡು ಬನ್ನಿ ಎಂದರು. ಪ್ರಿಯಾಂಕ ಆ ಗ್ರೂಪಿನಿಂದ ತಾನೇ ಹೊರಬಂದಳು.

ಆದರೆ ಶೋಭಿತಾ ಜೊತೆ ಮಾತ್ರ ಮಾತಾಡಲಿಲ್ಲ. ನೀರು ಕೊಟ್ಟರೂ ಮುಖ ತಿರುಗಿಸಿದಳು.

ಒಂದು ಭಾನುವಾರ ಇದ್ದಕ್ಕಿದ್ದಂತೆ ಕೂಗಿದಳು. “ಲೇ ಶೋಭಿ, ಬಾರೇ ಇಲ್ಲಿ. ನಿನ್ ತಲೆ ನೋಡು, ಗುಬ್ಬಿ ಗೂಡಾಗದೆ.”

ಶೋಭಿತಾ ಓಡಿ ಹೋಗಿ ಅವಳ ಮುಂದೆ ಕೂತಳು. ಬಾಚಣಿಗೆ ಸಿಕ್ಕು ಬಿಡಿಸತೊಡಗಿತು.

“ನಿನ್ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾ?”

“ಗೊತ್ತು. ನೀನು ಮಾತು ಬುಟ್ರೂ ಪರ್ವಾಗಿಲ್ಲ, ಇದ್ರೆ ಸಾಕು ಅನ್ನಿಸ್ತು.”

ಬಾಚಣಿಗೆ ನಿಂತಿತು. ಅಕ್ಕ ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

“ಆ ಗ್ರೂಪಲ್ಲಿ ಎಲ್ರೂ ಅಳೋರೇ ಕಣೇ. ಪಾಪ, ಯಾರ್ ಕೈನೂ ಯಾರೂ ಹಿಡ್ಕಳಕ್ ಆಯ್ತಿರ್ಲಿಲ್ಲ.” ಅಷ್ಟು ಹೇಳಿ ಜಡೆ ಬಿಗಿಯಾಗಿ ಎಳೆದಳು.

“ಅಯ್ಯೋ, ನೋಯ್ತದೆ ಅಕ್ಕಾ!”

“ನೋಯ್ಲಿ, ತಡ್ಕ.”

ಇಬ್ಬರಿಗೂ ನಗು ಬಂತು.

ಅಕ್ಕನಿಗೆ ಪೂರ್ತಿ ಹುಷಾರಾಗಿಲ್ಲ. ಮೊನ್ನೆ ಬೆಳಿಗ್ಗೆ ಶೋಭಿತಾ ಶೂ ಹಾಕಿಕೊಳ್ಳುತ್ತಿದ್ದಾಗ ಕೋಣೆಯೊಳಗಿಂದ ಅವಳ ದನಿ ಬಂತು.

“ಅಮ್ಮಾ, ಇವತ್ತು ಚೆನ್ನಾಗಿಲ್ಲ ಕಣಮ್ಮ. ಬಾ ಇಲ್ಲಿ.”

“ಬಂದೆ ಕಣವ್ವ,” ಎಂದು ಅಮ್ಮ ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದಳು.

ಶೋಭಿತಾ ಎದ್ದು ಬಂದಳು. ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಒಳಗೆ ಇಬ್ಬರೂ ಮೆಲ್ಲಗೆ ಮಾತಾಡುತ್ತಿದ್ದರು.

ಅಕ್ಕ ತಾನೇ ಹೇಳಿದಳಲ್ಲ, ಅಷ್ಟು ಸಾಕು, ಅಂದುಕೊಂಡಳು ಶೋಭಿತಾ. ಬ್ಯಾಗು ಬೆನ್ನಿಗೇರಿಸಿ ಸ್ಕೂಲಿನ ಕಡೆ ಓಡಿದಳು.