ನಿಮ್ಮಿಷ್ಟ

ಹದಿನೈದರ ಹುಡುಗಿಯನ್ನು ಕರೆದೊಯ್ಯಲು ಮ್ಯೂಸಿಯಂ ಆರಿಸುವುದೆಂದರೆ ಆನೆಗೆ ಅಂಗಿ ಹೊಲಿದಂತೆ. ಈ ಮಾತು ಕನ್ನಡಕದಂಗಡಿಯ ಒಡತಿಗೆ ಆ ಶನಿವಾರ ಸಂಜೆ ಮನದಟ್ಟಾಯಿತು.

ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಕೌಂಟರಿನಾಚೆ ಎತ್ತರದ ಸ್ಟೂಲಿನಲ್ಲಿ ಹುಡುಗಿ ಮೊಬೈಲಿಗೆ ಅಂಟಿಕೊಂಡು ಕೂತಿದ್ದಳು. ಪಕ್ಕದಲ್ಲಿ ಲಿಫ್ಟ್ ರಿಪೇರಿ ಮಾಡುವ ಹುಡುಗಿಯ ಅಪ್ಪ, ಗ್ರೀಸಿನ ಬೆರಳು ಒರೆಸಿಕೊಳ್ಳುತ್ತಿದ್ದ. ಮಗಳ ಕನ್ನಡಕಕ್ಕೆಂದು ಬಂದವನು ಆಮೇಲೆ ತನ್ನದಕ್ಕೆಂದು ಬಂದ, ಆಮೇಲೆ ಸುಮ್ಮಸುಮ್ಮನೆ ಬರತೊಡಗಿದ. ಕನ್ನಡಕದ ಗಟ್ಟಿಯಾಗಿದ್ದ ಸ್ಕ್ರೂವನ್ನು ಅವನೇ ಸಡಿಲಿಸಿಕೊಂಡು ತಂದದ್ದು ಅವಳಿಗೆ ಗೊತ್ತಾಗಿತ್ತು. ಬಿಗಿ ಮಾಡಿಕೊಟ್ಟು, ಮುಖ ತಿರುಗಿಸಿ ನಕ್ಕಿದ್ದಳು.

ಕಳೆದ ವಾರ ಅವನು ಕೇಳಿಯೇಬಿಟ್ಟಿದ್ದ. "ಮದುವೆ ಮಾಡ್ಕೊಳ್ಳೋಣ್ವಾ?"

"ಮೊದಲು ಮಗಳನ್ನ ಕೇಳಿ."

"ಸರಿ. ಭಾನುವಾರ ಮೂವರೂ ಯಾವುದಾದ್ರೂ ಮ್ಯೂಸಿಯಂ ನೋಡ್ಕೊಂಡು ಬರೋಣ. ಒಬ್ಬರಿಗೊಬ್ಬರು ಒಗ್ತೀರೋ ಇಲ್ವೋ ಗೊತ್ತಾಗುತ್ತೆ."

ಅಂದಿನಿಂದ ಭಾನುವಾರವೆಂದರೆ ಅವಳಿಗೆ ಪರೀಕ್ಷೆಯಾಗಿತ್ತು. ಹುಡುಗಿ ಮುಖ ಗಂಟಿಕ್ಕಿದರೆ ಅಲ್ಲಿಗೆ ಮುಗಿಯಿತು. ಮಗುವಿಗೆ ಬೇಡವಾದ ಮನೆಯ ಹೊಸ್ತಿಲು ತುಳಿಯುವವಳು ಅವಳಲ್ಲ.

"ರೈಲ್ವೆ ಮ್ಯೂಸಿಯಂ? ಹಳೇ ಇಂಜಿನ್ ಹತ್ತಬಹುದು," ಎಂದ ಅವನು.

"ಅಪ್ಪಾ, ವಾರವೆಲ್ಲ ಮೋಟರ್ ನೋಡಿ ಸಾಕಾಗಿಲ್ವಾ ನಿನಗೆ?"

"ಪೇಂಟಿಂಗು?"

"ಎಲ್ಲರೂ ಅರ್ಥವಾದವರ ಥರ ಗದ್ದಕ್ಕೆ ಕೈ ಕೊಟ್ಟು ನಿಂತಿರ್ತಾರೆ."

"ಪ್ರಾಣಿಗಳದ್ದು?"

"ಹುಲಿಯೊಳಗೆ ಹುಲ್ಲು ತುಂಬಿದ್ದನ್ನ ನೋಡೋಕೆ ಬಸ್ ಹತ್ತಬೇಕಾ?"

ಅವನು ಕೈ ಚೆಲ್ಲಿ ಇವಳತ್ತ ನೋಡಿದ. "ಡಾಕ್ಟ್ರೇ, ನೀವೇ ಹೇಳಿ."

ಕಣ್ಣು ಪರೀಕ್ಷಿಸುತ್ತೇನೆ, ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಅವನು ಬಿಟ್ಟಿರಲಿಲ್ಲ. ಈಗೀಗ ಬಿಡುವುದು ಅವಳಿಗೂ ಬೇಡವಾಗಿತ್ತು.

"ನಿಮ್ಮಿಷ್ಟ," ಎಂದಳು.

ಅಷ್ಟರಲ್ಲಿ ಯಾವುದೋ ಆಫೀಸಿನ ಲಿಫ್ಟು ಮಹಡಿಗಳ ನಡುವೆ ನಿಂತಿದೆಯೆಂದು ಕರೆ ಬಂತು. ಅವನು ಫೋನ್ ಹಿಡಿದು, ಷಟರಿನಡಿ ಬಗ್ಗಿ ಹೊರಗೆ ಹೋದ.

ಹುಡುಗಿ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಹೋದ್ಸಲ ಐಸ್‌ಕ್ರೀಮಿಗೂ ನಿಮ್ಮಿಷ್ಟ ಅಂದ್ರಿ. ಸಿನಿಮಾಕ್ಕೂ ನಿಮ್ಮಿಷ್ಟ."

"ನಿನಗೆ ಬೇಜಾರಾಗಬಾರದು ಅಂತ, ಪುಟ್ಟಾ."

"ನಮ್ಮಮ್ಮನೂ ಎಲ್ಲದಕ್ಕೂ ನಿಮ್ಮಿಷ್ಟ ಅಂತಿದ್ಲು." ಹುಡುಗಿಯ ಹೆಬ್ಬೆರಳು ಪರದೆಯ ಮೇಲೆ ನಿಂತಿತು. "ಆಮೇಲೆ ಒಂದಿನ ಅವಳಿಷ್ಟದ ಹಾಗೆ ಹೊರಟೋದ್ಲು."

ಕೌಂಟರಿನೀಚೆ ಇವಳು ಕೈಯಲ್ಲಿದ್ದ ಬಟ್ಟೆಯಿಂದ, ಆಗಲೇ ಹೊಳೆಯುತ್ತಿದ್ದ ಗಾಜನ್ನೇ ಒರೆಸಿದಳು.

"ಅಪ್ಪ ನನ್ನ ಕೇಳಾಯ್ತು ಆಂಟಿ. ನಾನು ಹೂಂ ಅಂದಾಯ್ತು. ನಿನ್ನ ಬಾಯಿಂದ ಮಾತ್ರ ಏನೂ ಬರಲ್ಲ! ನಿನಗೇನು ಬೇಕು? ಅದನ್ನ ಹೇಳು!"

ಇಷ್ಟು ದಿನ 'ನೀವು' ಆಗಿದ್ದವಳು ಕೋಪದ ಭರದಲ್ಲಿ 'ನೀನು' ಆಗಿದ್ದಳು. ಹುಡುಗಿಗೆ ಅದರ ಪರಿವೆಯಿರಲಿಲ್ಲ. ಅಪ್ಪನಿಗಷ್ಟೇ ಸಿಗುತ್ತಿದ್ದ ಆ ಏಕವಚನ ಇವಳ ಎದೆಯಲ್ಲಿ ಹೋಗಿ ಕೂತಿತು.

ದಿನವಿಡೀ ಬಂದವರ ಕಣ್ಣಿನ ಮುಂದೆ ಗಾಜು ಬದಲಿಸುತ್ತ 'ಇದು ಚೆನ್ನಾಗಿ ಕಾಣುತ್ತಾ, ಅದಾ?' ಎಂದು ಕೇಳುವವಳು ಅವಳು. ತನ್ನನ್ನು ತಾನು ಎಂದೂ ಕೇಳಿಕೊಂಡಿರಲಿಲ್ಲ. ಮೊದಲು ತನ್ನಪ್ಪನ ಇಷ್ಟ, ಆಮೇಲೆ ಅಣ್ಣಂದಿರ ಇಷ್ಟ, ಕೊನೆಗೆ ಹಾಸಿಗೆ ಹಿಡಿದ ಅಮ್ಮನ ಇಷ್ಟ. ಬೇಕೆಂದರೆ ತಾನೇ ಇಲ್ಲವೆನ್ನಿಸಿಕೊಳ್ಳುವುದು? ಅದನ್ನೇ ಜಾಣತನವೆಂದುಕೊಂಡು ನಲವತ್ತು ದಾಟಿದ್ದಳು.

"ಪೀಪಿ," ಎಂದಳು.

"ಏನು?"

"ಪೀಪಿ ಮ್ಯೂಸಿಯಂ. ನನ್ನ ಬಸ್ಸಿನ ದಾರೀಲಿ ಬೋರ್ಡ್ ಇದೆ. ಎರಡೇ ರೂಮಂತೆ. ಪೊಲೀಸರದ್ದು, ರೆಫರಿಗಳದ್ದು, ಮಕ್ಕಳದ್ದು... ಬರೀ ಪೀಪಿ. ಒಬ್ಬಳೇ ಹೋದ್ರೆ ಜನ ನಗ್ತಾರೆ ಅಂತ ಹೋಗಿಲ್ಲ."

ಹುಡುಗಿ ಮೊಬೈಲ್ ಕೆಳಗಿಟ್ಟಳು. ತುಟಿಯ ಒಂದು ತುದಿ ಮೇಲೇರಿತು. "ಮೂವರು ಹೋದ್ರೂ ನಗ್ತಾರೆ. ಮೊದಲು ನಗೋಳು ನಾನೇ. ಹೋಗೋಣ."

"ನಿಜವಾಗ್ಲೂ?"

"ಹೂಂ. ಪೀಪಿ ವಿಷಯ ಮುಗೀತು. ಅಪ್ಪನ ವಿಷಯ?"

"ಅದನ್ನ ಅವರ ಹತ್ರಾನೇ ಹೇಳ್ತೀನಿ."

"ಬಿಡಿಸಿ ಹೇಳು. ಕಣ್ಸನ್ನೆ, ಗಿಣ್ಸನ್ನೆ ಎಲ್ಲ ಅರ್ಥ ಆಗೋ ಗಿರಾಕಿ ಅಲ್ಲ ಅದು."

ಭಾನುವಾರ ಆ ಎರಡು ಕೋಣೆಗಳಲ್ಲಿ ಅವರು ಮೂವರು, ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಮುದುಕ ಕಾವಲುಗಾರ, ಇಷ್ಟೇ ಜನ. ಹುಡುಗಿ ಮೊದಲೇ ಒಳಕೋಣೆಗೆ ನುಗ್ಗಿದ್ದಳು. ಕಿಟಕಿಯ ಬಿಸಿಲು ಹಿತ್ತಾಳೆಯ ಪೀಪಿಗಳ ಮೇಲೆ ಬಿದ್ದು ಅವಳಪ್ಪನ ಕೆನ್ನೆಯಲ್ಲಿ ಮಿನುಗುತ್ತಿತ್ತು. ಈಗಷ್ಟೇ ಕ್ಷೌರ ಮಾಡಿದ ಕೆನ್ನೆ, ಕಿವಿಯ ಬಳಿ ಸಣ್ಣದೊಂದು ಗಾಯ. ಅವಳು ನೋಡುತ್ತಲೇ ನಿಂತಳು. ಅವನು ತಿರುಗಿದ. ಇಬ್ಬರೂ ಒಟ್ಟಿಗೆ ಬೇರೆ ಕಡೆ ನೋಡಿದರು.

"ಮಗಳು ಒಪ್ಪಿದ್ದು ನನಗೆ ಹೇಳಲೇ ಇಲ್ಲ ನೀವು," ಎಂದಳು.

"ಒತ್ತಾಯ ಅನ್ನಿಸಬಾರದಲ್ಲ." ಅವನು ಮೇಜಿನ ಅಂಚನ್ನು ಬೆರಳಿನಿಂದ ಉಜ್ಜಿದ. "ಇನ್ನು ನಿಮ್ಮಿಷ್ಟ, ಡಾಕ್ಟ್ರೇ."

ಅದೇ ಮಾತು ತನ್ನ ಕಡೆಗೇ ಬಂದಾಗ ಅದೆಷ್ಟು ಭಾರವೆಂದು ಅವಳಿಗೆ ತಿಳಿಯಿತು. ಉಸಿರೆಳೆದುಕೊಂಡಳು.

"ನನ್ನಿಷ್ಟಾನಾ? ನನಗೆ ನೀವು ಬೇಕು."

ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಮೂಲೆಯ ಪೇಪರ್ ಅಲುಗಾಡುವುದು ನಿಂತಿತು. ಒಳಕೋಣೆಯಿಂದ ಕೂಗು ಬಂತು: "ನನಗೆ ಕೇಳಿಸ್ತು! ಅಪ್ಪಾ, ನಿನಗೆ?"

ಅಪ್ಪನ ಕುತ್ತಿಗೆಯಿಂದ ಹೊರಟ ಕೆಂಪು ಹಣೆಯವರೆಗೂ ಏರಿತು. ಅತ್ತ ನೋಡಿದ, ಇತ್ತ ನೋಡಿದ. ತೆರೆದ ಮೇಜಿನ ಮೇಲಿದ್ದ ಹಳೆಯ ಪೀಪಿಯೊಂದನ್ನೆತ್ತಿ, ಕಣ್ಣು ಮುಚ್ಚಿ, ಶಕ್ತಿಯೆಲ್ಲ ಬಿಟ್ಟು ಊದಿದ.

ಕಿಟಕಿಯ ಗಾಜು ಝಲ್ಲೆಂದಿತು.

"ಸಾರ್! ಸಾರ್! ಅದು ನೋಡೋಕೆ ಮಾತ್ರ ಸಾರ್!" ಕಾವಲುಗಾರ ಪೇಪರ್ ಎಸೆದು ಓಡಿಬಂದ.

ಅವನು ತಪ್ಪಿತಸ್ಥನಂತೆ ಪೀಪಿಯನ್ನು ಕೆಳಗಿಳಿಸಿದ. ಅವಳು ಅವನ ಮೊಣಕೈ ಹಿಡಿದು, ನಗುತ್ತ, ಒದ್ದೆಗಣ್ಣು ಒರೆಸಿಕೊಳ್ಳುತ್ತ ಹೇಳಿದಳು:

"ಇನ್ನೊಂದ್ಸಲ."