ಹನ್ನೆರಡನೇ ಮಂಚದವರು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಮಿಲಿಟರಿ ಆಸ್ಪತ್ರೆಯ ದೊಡ್ಡ ಡಾಕ್ಟರು ಖುದ್ದಾಗಿ ಠಾಣೆಗೆ ಬಂದರು. ಯುದ್ಧ ಶುರುವಾದ ಮೇಲೆ ಅವರು ಪೊಲೀಸರ ಕಡೆ ಕಣ್ಣೆತ್ತಿಯೂ ನೋಡಿದವರಲ್ಲ. ದೂರು ಇಷ್ಟು: ಗಾಯಗೊಂಡ ಶತ್ರು ಕೈದಿಗಳ ವಾರ್ಡಿನಲ್ಲಿ ಸತ್ತವರ ಕಾರ್ಡುಗಳೆಲ್ಲ ಬೀರುವಿನಿಂದ ಕಳುವಾಗಿವೆ.

"ಶುಕ್ರವಾರ ಯುದ್ಧಕೈದಿಗಳನ್ನ ನೋಡೋಕೆ ಹೊರದೇಶದ ಸಮಿತಿ ಬರುತ್ತೆ. ಸತ್ತವರ ವಿವರ ಅವರ ಮನೆಯವರಿಗೆ ತಲುಪಿಸ್ತಾರೆ. ಬೇಗ ಕಳ್ಳನ್ನ ಹಿಡೀರಿ."

"ಕಾರ್ಡಲ್ಲಿ ಏನೇನು ಬರೆದಿರುತ್ತೆ ಸಾರ್?" ಇನ್‌ಸ್ಪೆಕ್ಟರ್ ಕೇಳಿದರು.

"ಎಲ್ಲಾ ಇರುತ್ತೆ," ಎಂದ ಡಾಕ್ಟರು ಟೋಪಿ ಸರಿಮಾಡಿಕೊಂಡರು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಪಂಚನಾಮೆಯಲ್ಲಿ ಬೀಗ ಮುರಿದಿಲ್ಲವೆಂದು ಬರೆದರು. ಕೀಲಿಕೈ ಎರಡೇ: ಒಂದು ಡಾಕ್ಟರ ಬಳಿ, ಇನ್ನೊಂದು ವಾರ್ಡಿನ ಗುಮಾಸ್ತನ ಬಳಿ. ಗುಮಾಸ್ತನ ಮಗ ಯುದ್ಧದಲ್ಲಿ ತೀರಿಹೋಗಿದ್ದ. ಗುಮಾಸ್ತ ರಜೆ ಮುಗಿಸಿ ಕೆಲಸಕ್ಕೆ ಬಂದು ವಾರವಷ್ಟೇ ಆಗಿತ್ತು.

ವಾರ್ಡಿನಲ್ಲಿ ಮಂಚದ ಕಾಲಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು. ಹನ್ನೊಂದನೇ ಮಂಚದಲ್ಲಿ ಕಾಲು ಕಳೆದುಕೊಂಡ ಕೈದಿ. ಇನ್‌ಸ್ಪೆಕ್ಟರ್ ಅವನ ಪಕ್ಕ ಕೂತು, ಅವನ ಭಾಷೆ ಬಲ್ಲ ನರ್ಸಮ್ಮನನ್ನು ಕರೆಸಿದರು.

"ಪಕ್ಕದಲ್ಲಿ ಯಾರಿದ್ರಮ್ಮ?" ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ಹನ್ನೆರಡು," ಎಂದಳು ನರ್ಸಮ್ಮ.

"ನಾನು ಕೇಳಿದ್ದು ಹೆಸರು."

"ಇಲ್ಲಿ ಮಂಚದ ನಂಬರೇ ಹೆಸರು. ಹನ್ನೆರಡು ಸತ್ರೆ ಇನ್ನೊಬ್ಬ ಬರ್ತಾನೆ, ಅವನೂ ಹನ್ನೆರಡೇ. ಈ ಚಳಿಗಾಲದಲ್ಲಿ ಹನ್ನೆರಡು ಮೂರು ಸಲ ಸತ್ತ."

ಹೆಡ್ ಕಾನ್‌ಸ್ಟೇಬಲ್‌ಗೆ ನಗು ಬಂತು. ಬೇರೆ ಯಾರೂ ನಗದ್ದು ನೋಡಿ ಕೆಮ್ಮಿದಂತೆ ಮಾಡಿದ.

ಕೈದಿ ಏನೋ ಹೇಳಿದ. ನರ್ಸಮ್ಮ ತಲೆ ತಗ್ಗಿಸಿದಳು.

"ನಮ್ಮ ಗುಮಾಸ್ತರೂ ಇದನ್ನೇ ಕೇಳ್ತಿದ್ದಾರಂತೆ ಸಾರ್. ಈಗ ದಿನಾ ಸಂಜೆ ಬಂದು, ಸತ್ತವನ ಹೆಸರೇನು, ಊರು ಯಾವುದು ಅಂತ. ಮುಂಚೆ ಕೈದಿಗಳಾಗೇ ಹೇಳೋಕೆ ಹೋದ್ರೆ ಅವರು ರೇಗ್ತಿದ್ರಂತೆ."

ಇನ್‌ಸ್ಪೆಕ್ಟರ್ ಎದ್ದರು. ಗುಮಾಸ್ತನ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇತ್ತು. ಬಾಗಿಲು ತೆರೆದೇ ಇತ್ತು. ಅಂದು ಕೆಲಸಕ್ಕೆ ಹೋಗದ ಗುಮಾಸ್ತ ಮೇಜಿನ ಮುಂದೆ ಕೂತಿದ್ದ, ಕಾರ್ಡುಗಳು ಮೇಜಿನ ತುಂಬ ಹರಡಿದ್ದವು. "ಹೆಸರು ತಿಳಿದಿಲ್ಲ" ಎಂಬ ಹಳೇ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಹೊಸ ಶಾಯಿಯಲ್ಲಿ ಹೆಸರು ಬರೆದಿತ್ತು.

"ಕದ್ದಿದ್ದು ನೀವೇನಾ?"

"ನಾನೇ ಸಾರ್."

"ಆಫೀಸಲ್ಲೇ ತಿದ್ದಬಹುದಿತ್ತಲ್ರೀ?"

"ಕೇಳಿದೆ. ಇದ್ದ ಹಾಗೇ ಇರ್ಲಿ ಬಿಡು, ಕೆದಕಬೇಡ ಅಂದ್ರು ಡಾಕ್ಟರು."

"ಮೊದಲೇ ಯಾಕೆ ಬರೀಲಿಲ್ಲ?"

"ಶತ್ರುಗಳ ಹೆಸರು ಕಟ್ಕೊಂಡು ನನಗೇನು ಅಂದ್ಕೊಂಡೆ. ತಿಳಿದಿಲ್ಲ ಅಂತ ಗೀಚಿದ್ರೆ ಬೇಗ ಮನೆಗೆ ಹೋಗ್ಬಹುದಿತ್ತು. ಅಷ್ಟೇ ಸಾರ್. ಥೂ ನನ್ನ ಜನ್ಮಕ್ಕೆ."

ಒಳಗಿನಿಂದ ಅವನ ಹೆಂಡತಿ ಮಡಚಿದ ಮಫ್ಲರೊಂದನ್ನು ತಂದಳು.

"ಇದನ್ನ ನೋಡಣ್ಣ. ನಮ್ಮ ಹುಡುಗ ಆ ಕಡೆಯವರ ಆಸ್ಪತ್ರೇಲೇ ಹೋದ. ಒಗೆದು, ಮಡಚಿ ಕಳಿಸಿದ್ದಾರೆ."

ಮಫ್ಲರಿನ ಅಂಚಿಗೆ ಬಟ್ಟೆಯ ಚೂರು ಹೊಲಿದಿತ್ತು. ಅದರ ಮೇಲೆ ಮಗನ ಹೆಸರು, ಅಪ್ಪನ ಹೆಸರು. ಕೆಳಗೆ, ಮನೆಯಲ್ಲಿ ಕರೆಯುವ ಹೆಸರು.

"ಆ ಹೆಸರು ನಮ್ಮಿಬ್ಬರನ್ನ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ," ಎಂದಳು. "ಯಾರೋ ಪುಣ್ಯಾತ್ಮರು ಪಕ್ಕದಲ್ಲಿ ಕೂತು ಕೇಳಿದ್ದಾರೆ."

ಇನ್‌ಸ್ಪೆಕ್ಟರ್ ಮಫ್ಲರನ್ನು ಮೊದಲಿನಂತೆಯೇ ಮಡಚಿ ಕೊಟ್ಟರು. ಮೇಜಿನ ತುದಿಯ ಒಂದು ಕಾರ್ಡಿನಲ್ಲಿ ಮಾತ್ರ ಹಳೇ ಸಾಲು ಹಾಗೇ ಉಳಿದಿತ್ತು.

"ಅದು ಮೂರನೇ ಹನ್ನೆರಡು," ಗುಮಾಸ್ತ ಮುಖ ಮುಚ್ಚಿಕೊಂಡ. "ಆಗ ಅಕ್ಕಪಕ್ಕದವರಿಗೆ ಜ್ವರದಲ್ಲಿ ಮೈಮೇಲೆ ಎಚ್ಚರ ಇರ್ಲಿಲ್ಲ. ಅವನು ನನ್ನ ಕೈ ಹಿಡ್ಕೊಂಡು ಹೆಸರು ಹೇಳ್ದ ಸಾರ್. ಬಿಡಿಸಿ ಬಿಡಿಸಿ ಹೇಳ್ದ. ನಾನು ಕೈ ಕೊಡವಿ ಎದ್ದುಬಂದೆ. ಎಷ್ಟು ತಲೆ ಚಚ್ಚಿಕೊಂಡ್ರೂ ನೆನಪಾಗ್ತಿಲ್ಲ. ಅವನ ತಾಯಿ ಸಾಯೋವರೆಗೂ ಬಾಗಿಲು ಕಾಯ್ತಾಳೆ."

ಸಂಜೆ ಐದಕ್ಕೆ ಗುಮಾಸ್ತನನ್ನು ದಸ್ತಗಿರಿ ಮಾಡಿದರು. ಕಾರ್ಡುಗಳನ್ನು ಕೇಳಲು ಡಾಕ್ಟರು ಓಡಿಬಂದರು.

"ಜಪ್ತಿ ಮಾಲು ಸಾರ್," ಎಂದರು ಇನ್‌ಸ್ಪೆಕ್ಟರ್. "ಸಮಿತಿಯವರ ಎದುರೇ ತೆಗೀತೀವಿ." ಡಾಕ್ಟರು ಮುಖ ಸಣ್ಣದು ಮಾಡಿಕೊಂಡು ಹೋದರು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಸಾಕ್ಷಿ ಹೇಳಿಕೆಯ ಹಾಳೆ ತಂದಿಟ್ಟ. ಇನ್‌ಸ್ಪೆಕ್ಟರ್ ಸಹಿಗೆ ಪೆನ್ನು ತೆಗೆದವರು ಮೊದಲ ಸಾಲಿನಲ್ಲೇ ನಿಂತರು. "ಸಾಕ್ಷಿ: ಹನ್ನೊಂದನೇ ಮಂಚದ ಕೈದಿ."

"ಏನಯ್ಯಾ ಇದು?"

ಹೆಡ್ ಕಾನ್‌ಸ್ಟೇಬಲ್ ಹಾಳೆ ನೋಡಿದ. ಅವನ ಕಿವಿ ಕೆಂಪಾಯಿತು. "ನಾನು ಕೇಳ್ಲಿಲ್ಲ ಸಾರ್."

"ನಾನೂ ಕೇಳ್ಲಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇನ್‌ಸ್ಪೆಕ್ಟರ್ ಟೋಪಿ ಹಾಕಿಕೊಂಡರು.

"ಜೀಪು ತೆಗಿ. ನರ್ಸಮ್ಮ ಮನೆಗೆ ಹೋಗೋ ಮುಂಚೆ ತಲುಪಬೇಕು."