ನಿಲ್ಲದ ವ್ಯಾನು, ಜಾರುವ ಫ್ರಿಜ್ಜು

"ಕೈ ತೆಗೀರಿ! ಅದನ್ನ ಮುಟ್ಟಬೇಡಿ!"

ಶಿರೀಷಾಳ ಕೂಗಿಗೆ, ವ್ಯಾನಿನ ಹಿಂಬಾಗಿಲಲ್ಲಿ ಬಗ್ಗಿ ನಿಂತಿದ್ದ ಲಕ್ಷ್ಮೀಕಾಂತ್ ಬೆಚ್ಚಿ ತಲೆಯೆತ್ತಿದ. ಎತ್ತಿದ ರಭಸಕ್ಕೆ ಹಣೆ ಬಾಗಿಲಿನ ಅಂಚಿಗೆ ಠಣ್ಣೆಂದು ಬಡಿಯಿತು.

"ಅಯ್ಯೋ... ಪೆಟ್ಟಾಯ್ತಾ?"

"ಹಗ್ಗ ಬಿಚ್ತಿದ್ದೆ ಅಷ್ಟೇ ಮೇಡಂ. ಒಳಗೇನು ಚಿನ್ನ ಇಟ್ಟಿದ್ದೀರಾ?"

"ಚಿನ್ನಕ್ಕಿಂತ ಹೆಚ್ಚು! ಕುರಿಗಳ ಲಸಿಕೆ. ತಂಪು ತಪ್ಪಿದ್ರೆ ಎಲ್ಲಾ ಬರೀ ನೀರು!"

ಹಿಂದೂಪುರದ ಆ ವೆಲ್ಡಿಂಗ್ ಶೆಡ್‌ಗೆ ಅವಳು ಬಂದು ಐದು ನಿಮಿಷವೂ ಆಗಿರಲಿಲ್ಲ. ಆಗಲೇ ಜಗಳ!

ಶಿರೀಷಾ ಪಶುವೈದ್ಯೆ. ಕಲ್ಯಾಣದುರ್ಗದ ಸುತ್ತ ಕುರಿಮಂದೆ ಎಲ್ಲಿ ಬೀಡುಬಿಡುತ್ತದೋ ಅಲ್ಲಿಗೆ ಅವಳ ವ್ಯಾನು. ವಾರದಲ್ಲಿ ನಾಲ್ಕು ದಿನ ಅದೇ ಮನೆ, ಅದೇ ಆಸ್ಪತ್ರೆ. ಮುಚ್ಚಳ ಮೇಲಕ್ಕೆ ತೆರೆಯುವ ಚಿಕ್ಕ ಫ್ರಿಜ್ಜನ್ನು ಸೀಟಿನ ಹಿಂದೆ ಹಗ್ಗದಲ್ಲಿ ಕಟ್ಟಿದ್ದಳು. ಹೋದ ತಿಂಗಳು ಗುಂಡಿಯೊಂದರಲ್ಲಿ ಹಗ್ಗ ಹರಿದು, ಫ್ರಿಜ್ ವಾಲಿ, ಪ್ಲಗ್ ಕಿತ್ತುಬಂದಿತ್ತು. ಫ್ರಿಜ್ಜನ್ನು ಎತ್ತಿ ಮತ್ತೆ ಕಟ್ಟಿದ ಅವಳಿಗೆ ಪ್ಲಗ್ ಕಿತ್ತದ್ದು ಗೊತ್ತೇ ಆಗಲಿಲ್ಲ. ಕೆಟ್ಟ ಲಸಿಕೆಯನ್ನೇ ಚುಚ್ಚಿದಳು. ಪೋತಪ್ಪನೆಂಬ ಕುರಿಗಾಹಿಯ ಹನ್ನೊಂದು ಮರಿಗಳು ರೋಗ ಬಂದು ಸತ್ತವು.

ಅಂದಿನಿಂದ ಅವಳ ಮನಸ್ಸು ಎಲ್ಲೂ ನಿಲ್ಲುತ್ತಿರಲಿಲ್ಲ.

"ಎಳೆದ್ರೆ ಹೊರಗೆ ಬರಬೇಕು, ತಳ್ಳಿದ್ರೆ ಒಳಗೆ ಹೋಗಬೇಕು. ಫ್ರಿಜ್ ಅಲುಗಾಡಬಾರದು. ಅಂಥದ್ದೊಂದು ಮಾಡ್ಕೊಡ್ತೀರಾ?"

"ಇದುವರೆಗೂ ಮಾಡಿಲ್ಲ..."

"ಬರಲ್ಲ ಅಂದ್ರೆ ಹೇಳ್ಬಿಡಿ. ಬೇರೆ ಕಡೆ ಹೋಯ್ತೀನಿ."

"ಮಾಡಿಲ್ಲ ಅಂದೆ. ಬರಲ್ಲ ಅನ್ನಲಿಲ್ಲ," ಎಂದು ಅವನು ನಕ್ಕ. ಫ್ರಿಜ್ಜಿನ ಅಳತೆ ತೆಗೆದುಕೊಂಡು ಟೇಪನ್ನು ಅವಳ ಕಡೆ ತಿರುಗಿಸಿದ. "ಇಲ್ಲಿ ನಿಂತ್ಕೊಳ್ಳಿ. ಮೊಣಕೈ ಮಡಚಿ."

"ಫ್ರಿಜ್ ಇಡೋಕೆ ನನ್ನ ಅಳತೆ ಯಾಕೆ?"

"ದಿನಕ್ಕೆ ಐವತ್ತು ಸಲ ಬಗ್ಗೋರು ನೀವು ತಾನೇ? ಸೊಂಟ ಹಿಡ್ಕೊಳ್ಳಲ್ವಾ?"

ಶಿರೀಷಾ ಮೊಣಕೈ ಮಡಚಿ ನಿಂತಳು. ತನ್ನ ಸೊಂಟದ ನೋವಿನ ಬಗ್ಗೆ ಯಾರಾದರೂ ಕೇಳಿ ಎಷ್ಟು ದಿನವಾಗಿತ್ತು...

ಲಸಿಕೆಗಳನ್ನು ಪರಿಚಯದ ಔಷಧಿ ಅಂಗಡಿಯ ಫ್ರಿಜ್ಜಿಗೆ ಸಾಗಿಸಿ, ವ್ಯಾನನ್ನು ಶೆಡ್ಡಿನಲ್ಲೇ ಬಿಟ್ಟಳು. ಅವನು ವ್ಯಾನಿನ ನೆಲಕ್ಕೆ ಕಬ್ಬಿಣದ ಆಂಗಲ್‌ನ ಚೌಕಟ್ಟು ಬಿಗಿದ. ಮುಚ್ಚಿದ ಕಾರ್ಖಾನೆಯೊಂದರ ಹಳೆಯ ಡ್ರಾಯರ್‌ನಿಂದ ಜಾರುಹಳಿಯಂಥ ಗಟ್ಟಿ ಚಾನೆಲ್ ಬಿಚ್ಚಿ ತಂದ. ಅದರ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ ಫ್ರಿಜ್, ತಾನಾಗೇ ಹೊರಗೆ ಜಾರದಂತೆ ಒಂದು ಲಾಕ್. ಅವಳು ದಿನವೂ ಸಂಜೆ ಬಂದು ನೋಡುವಳು. ಕೂರುವಳು, ಏಳುವಳು, ರಸ್ತೆವರೆಗೂ ಹೋಗಿ ತಿರುಗಿ ಬರುವಳು.

"ಡಾಕ್ಟ್ರೇ, ಒಂದು ಕಡೆ ಕೂತ್ಕೊಳ್ಳೋಕೆ ಬರಲ್ವಾ ನಿಮಗೆ?"

"ಬರಲ್ಲ!"

ಆರನೇ ದಿನ ವ್ಯಾನು ಸಿದ್ಧವಾಯಿತು. ಶಿರೀಷಾ ಖುಷಿಯಿಂದ ಸ್ಟೇರಿಂಗ್ ಮುಂದೆ ಕೂತಳು. ಮೀಟರ್ ನೋಡಿ ಮುಖ ಕೆಂಪಾಯಿತು. ಇನ್ನೂರ ಮೂವತ್ತು ಕಿಲೋಮೀಟರ್ ಹೆಚ್ಚು ಓಡಿತ್ತು! ಇಳಿದು ಫ್ರಿಜ್ ತೆರೆದರೆ ಹಸಿಮೊಟ್ಟೆಯ ವಾಸನೆ. ಮೂಲೆಯಲ್ಲಿ ಒಣಗಿದ ಹಳದಿ ಕಲೆ.

"ನನ್ನ ಗಾಡೀಲಿ ಟೂರ್ ಹೋಗಿದ್ರಾ?"

"ಹೋಗಿದ್ದೆ... ಆದ್ರೆ ಅದು—"

"ಸಾಕು! ಲಸಿಕೆ ಇಡೋ ಜಾಗ ಇದು! ನಿಮ್ಮನ್ನ ನಂಬಿದ್ನಲ್ಲ ನಾನು..."

ಅವಳ ಕಣ್ಣು ತುಂಬಿಬಂತು. ಅವನಿಗೆ ಮಾತಾಡಲು ಬಿಡಲೇ ಇಲ್ಲ. ಫ್ರಿಜ್ಜನ್ನು ತೊಳೆದು, ಲಸಿಕೆ ತುಂಬಿಕೊಂಡು ಹೊರಟವಳು ದಾರಿಯಲ್ಲೇ ಅವನ ನಂಬರ್ ಬ್ಲಾಕ್ ಮಾಡಿದಳು.

ಕಲ್ಯಾಣದುರ್ಗದ ಆಚೆಯ ಬೀಡಿನಲ್ಲಿ ಹಿಂಬಾಗಿಲು ತೆಗೆದು ಲಾಕ್ ಬಿಚ್ಚಿದಾಗ ಫ್ರಿಜ್ ಒಂದು ಬೆರಳಿಗೇ ಸರ್ರನೆ ಹೊರಬಂತು. ಸರಿಯಾಗಿ ಮೊಣಕೈ ಎತ್ತರಕ್ಕೆ. ಅದನ್ನು ಕಂಡು ಸಿಟ್ಟು ಇನ್ನೂ ಹೆಚ್ಚಿತು. ಇಷ್ಟು ಚೆನ್ನಾಗಿ ಮಾಡಿ ಯಾಕೆ ಹೀಗೆ ಮಾಡಿದ?

ಪೋತಪ್ಪ ಹತ್ತಿರ ಬಂದು ಇಣುಕಿದ. "ಆ ಮೊಟ್ಟೆ ಹುಡ್ಗ ಮಾಡಿದ್ದಲ್ವಾ ಇದು?"

"ಯಾವ... ಮೊಟ್ಟೆ ಹುಡ್ಗ?"

"ಸೋಮವಾರ ನೀ ಓಡಾಡೋ ದಾರಿ ಕೇಳ್ಕೊಂಡು ನಿನ್ ವ್ಯಾನ್‌ನಾಗೇ ಬಂದಿದ್ದ ಕಣಮ್ಮ. ಫ್ರಿಜ್ ತುಂಬಾ ಮೊಟ್ಟೆ! ಈ ಕಲ್ಲುದಾರಿಯಾಗೆ ಓಡಿಸ್ದ. ನಾಕು ಒಡೆದೋದ್ವು. ಇಲ್ಲೇ ಮಲಗಿ ಅಡೀಗೆ ರಬ್ಬರ್ ಹಾಕಿ ಬಿಗಿದ. ಮತ್ತೆ ಓಡಿಸಿದ್ರೆ ಒಂದೂ ಒಡೀಲಿಲ್ಲ. ಉಳಿದಿದ್ದೆಲ್ಲಾ ನಮಗೇ ಕೊಟ್ಬುಟ್ಟ."

ಶಿರೀಷಾ ಸೂಜಿ ಕೆಳಗಿಟ್ಟು, ಬಗ್ಗಿ ಫ್ರಿಜ್ಜಿನ ಅಡಿಯ ರಬ್ಬರ್ ಮುಟ್ಟಿ ನೋಡಿದಳು.

"ಮರಿ ಸತ್ತಾಗ ನೀನು ಅತ್ತಿದ್ದು ನಾನೇ ಹೇಳ್ದೆ ಕಣಮ್ಮ. ಆವಯ್ಯ ಏನಂದ ಗೊತ್ತಾ? 'ಅವರು ಇನ್ನೊಂದ್ಸಲ ಹಂಗೆ ಅಳಬಾರ್ದು' ಅಂದ."

ಅಯ್ಯೋ... ಎಂಥ ಕೆಲಸ ಮಾಡಿಬಿಟ್ಟೆ!

ಆ ದಿನದ ಕುರಿಗಳನ್ನೆಲ್ಲ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಫೋನಿನಲ್ಲಿ ಕ್ಷಮೆ ಕೇಳಲು ಮನಸ್ಸಾಗದೆ, ಮರುದಿನ ಬೆಳಗ್ಗೆ ವ್ಯಾನನ್ನು ಹಿಂದೂಪುರದ ಕಡೆ ತಿರುಗಿಸಿದಳು. ದಾರಿಯ ಸೋಮಂದೇಪಲ್ಲಿಯಲ್ಲಿ ಚಹಾಕ್ಕೂ ನಿಲ್ಲಿಸಲಿಲ್ಲ.

ಶೆಡ್ಡಿಗೆ ಬೀಗ!

ಹಿಂದಿನ ಮನೆಯಿಂದ ಅವನ ತಾಯಿ ಶಿವಲಕ್ಷ್ಮಮ್ಮ ಓಡಿಬಂದರು. "ನೀನೇನಮ್ಮಾ ಡಾಕ್ಟ್ರು? ಕಾಂತ ನಿನ್ನ ಹುಡುಕ್ಕೊಂಡು ಕಲ್ಯಾಣದುರ್ಗದ ಬಸ್ ಹತ್ತಿದ್ನಲ್ಲ! ನಿನಗೆ ಹಾಕಿದ್ನಲ್ಲ, ಅಂಥದ್ದೇ ಲಾಕ್ ಯಾರದೋ ಆಟೋಲಿ ಮುರಿದೋಯ್ತಂತೆ. ನಿನ್ನ ಫೋನ್ ಸಿಗ್ದೆ ಊಟಾನೇ ಬಿಟ್ಟಿದ್ದ."

ಅವಳು ತಕ್ಷಣ ಬ್ಲಾಕ್ ತೆಗೆದು ಕರೆ ಮಾಡಿದಳು. ಮೊದಲ ರಿಂಗಿಗೇ ಅವನ ದನಿ.

"ಹಿಂಬಾಗಿಲು ತೆಗೀಬೇಡಿ! ಇಳಿಜಾರಲ್ಲಿ ತೆಗೆದ್ರೆ ಫ್ರಿಜ್ ನಿಮ್ಮ ಮೇಲೇ ಬಂದ್ಬಿಡುತ್ತೆ!"

"ತೆಗೆಯಲ್ಲ... ನಾನು ನಿಮ್ಮ ಶೆಡ್ ಮುಂದೇನೇ ಇದ್ದೀನಿ."



"ಅಲ್ಲೇ ಇರ್ತೀರಾ? ಬತ್ತೀನಿ."

"ಇರ್ತೀನಿ. ಎಷ್ಟೊತ್ತಾದ್ರೂ."

ಶಿವಲಕ್ಷ್ಮಮ್ಮ ಮುದ್ದೆ ಬಡಿಸಿದರು. ಅವಳು ಅರ್ಧಕ್ಕೇ ಎದ್ದಳು. ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಬಾಗಿಲಿಗೆ ಹೋಗಿ ನೋಡುತ್ತಿದ್ದಳು. ಹೊರಟುಹೋಗುವುದೇ ಅವಳಿಗೆ ರೂಢಿ. ಒಬ್ಬರಿಗಾಗಿ ಕಾಯುವುದು ಇಷ್ಟು ಕಷ್ಟವೆಂದು ಗೊತ್ತೇ ಇರಲಿಲ್ಲ.

ಸಂಜೆ ಅವನು ಬಂದ. ಬೆವರು, ಧೂಳು, ಹೆಗಲಲ್ಲಿ ಟೂಲ್ ಚೀಲ. ಅವಳತ್ತ ನೋಡದೆ ನೇರ ವ್ಯಾನಿನ ಹಿಂದೆ ಹೋಗಿ, ಫ್ರಿಜ್ಜಿಗೆ ಹೆಗಲು ಕೊಟ್ಟು ನಿಧಾನವಾಗಿ ಬಾಗಿಲು ತೆರೆದ. ಲಾಕಿನ ಕೊಕ್ಕೆಯಲ್ಲಿ ಕೂದಲೆಳೆಯಷ್ಟು ಸೀಳು! ಅದನ್ನು ಕಿತ್ತು, ಎರಡು ಹೊಸ ಲಾಕ್ ಬಿಗಿದ. ಆಮೇಲೆಯೇ ಅವನು ಅವಳತ್ತ ತಿರುಗಿದ್ದು.

"ತಪ್ಪು ನಂದೇ. ಲಾಕನ್ನ ಇನ್ನೂ ನೋಡಿ ತರಬೇಕಿತ್ತು. ಬೈಯಿರಿ ಡಾಕ್ಟ್ರೇ."

"ನಾನು ಬೈದಿದ್ದೇ ತಪ್ಪು. ಪೋತಪ್ಪ ಎಲ್ಲಾ ಹೇಳ್ದ... ಕ್ಷಮಿಸ್ತೀರಾ?"

ಅವನು ತಲೆ ತಗ್ಗಿಸಿದ. "ಲಾಕ್ ಬದಲಾಯಿಸೋಕೆ ಹೋಯ್ತೀನಿ ಅಂತ ಅಮ್ಮಂಗೆ ಹೇಳಿ ಹೊರಟೆ. ಬಸ್ಸಲ್ಲಿ ಕೂತ್ಮೇಲೆ ಗೊತ್ತಾಯ್ತು... ನಿಮಗೇನಾದ್ರೂ ಆದ್ರೆ ನಾನು ಆಮೇಲೆ ಮನುಷ್ಯ ಆಗಿರಲ್ಲ. ನೀವು ಬೇಕು ನನಗೆ."



"ನಾಲ್ಕು ದಿನ ಕುರಿ ಹಿಂದೆ ಅಲೆಯೋಳು ನಾನು. ನನ್ನ ಕಟ್ಕೊಂಡು ಏನು ಮಾಡ್ತೀರಿ?"

"ಅಲೆಯೋದು ಬಿಡಿ ಅಂತ ನಾನೆಲ್ಲಿ ಕೇಳ್ದೆ? ಭಾನುವಾರ ಶೆಡ್ ರಜೆ. ಎಲ್ಲಿದ್ದೀರಿ ಅಂತ ಹೇಳಿ ಸಾಕು, ಬತ್ತೀನಿ."

"ಉಳಿದ ದಿನ?"

"ಅದು... ನೀವೇ ಹೇಳ್ಬೇಕು."

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಇಲ್ಲಿಗೇ ಬತ್ತೀನಿ."

"ರೀ... ಕೈ ತುಂಬಾ ಗ್ರೀಸು."

"ಇರಲಿ ಬಿಡಿ," ಎಂದಳು ಶಿರೀಷಾ.